ಹಸಿರು ಕೆಲಸಕ್ಕೆ ಅಳತೆ ಬಲ್ಲ ಕೈಗಳು ಬೇಕು

ಉದ್ಯೋಗ ಜಾಲತಾಣ ಲಿಂಕ್ಡ್‌ಇನ್ 2024ರಲ್ಲಿ ಹೊರತಂದ ಹಸಿರು ಕೌಶಲ ವರದಿಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2023 ಮತ್ತು 2024ರ ನಡುವೆ ಜಗತ್ತಿನಲ್ಲಿ ಹಸಿರು ಕೌಶಲ ಬಲ್ಲವರಿಗೆ ಬೇಡಿಕೆ ಶೇ 11.6ರಷ್ಟು ಏರಿತು. ಅಂಥ ಕೌಶಲ ಇರುವವರ ಸಂಖ್ಯೆ ಏರಿದ್ದು ಶೇ 5.6ರಷ್ಟು ಮಾತ್ರ. ಕೆಲಸ ಇದೆ, ಮಾಡುವವರು ಸಾಲುತ್ತಿಲ್ಲ. ಉದ್ಯೋಗವಿಲ್ಲ ಎಂಬ ಮಾತನ್ನೇ ಕೇಳಿಕೊಂಡು ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಇದು ಹೊಸ ಸುದ್ದಿ.

ಈ ಕೊರತೆ ಮೊದಲು ತಟ್ಟುವುದು ಬೆಂಗಳೂರಿನಂಥ ನಗರಗಳ ನವೋದ್ಯಮಗಳಿಗೆ. ವಿದ್ಯುತ್ ಸ್ಕೂಟರ್, ಸೌರ ಚಾವಣಿ, ಕಸ ವಿಂಗಡಣೆ, ಕಡಲಕಳೆಯ ಗೊಬ್ಬರ, ಇಂಗಾಲದ ಲೆಕ್ಕ ಹೀಗೆ ಒಂದೊಂದು ಕಂಪನಿಗೆ ಒಂದೊಂದು ದಾರಿ. 2013ರಲ್ಲಿ ಶುರುವಾದ, ವಿದ್ಯುತ್ ಸ್ಕೂಟರ್ ಮಾಡುವ ಏಥರ್ ಎನರ್ಜಿ ಈಗ ಷೇರುಪೇಟೆ ಸೇರಿದೆ. 2010ರಲ್ಲಿ ಹುಟ್ಟಿದ ಸೀ6 ಎನರ್ಜಿ ಬೆಂಗಳೂರಿನಲ್ಲಿ ಕುಳಿತು ಕಡಲಿನ ಬೆಳೆಯ ಬಗ್ಗೆ ಯೋಚಿಸುತ್ತದೆ. ಇವೆಲ್ಲ ಎಚ್‌ಎಸ್‌ಆರ್ ಲೇಔಟ್‌ನ, ಕೋರಮಂಗಲದ ಎಂಜಿನಿಯರುಗಳ ಲೋಕ, ಅರಬೈಲ್ ಘಟ್ಟದ ಈಚೆಗೆ ಇದರಿಂದ ಏನೂ ಇಳಿದು ಬರುವುದಿಲ್ಲ ಎಂಬ ಭಾವನೆ ಕಾರವಾರ, ಅಂಕೋಲೆಗಳಲ್ಲಿ ಇದೆ. ಆ ಭಾವನೆಯಲ್ಲಿ ಅರ್ಧ ಮಾತ್ರ ನಿಜವಿದೆ.

ಈ ಕಂಪನಿಗಳು ಹುಡುಕುತ್ತಿರುವುದು ಎಂಥವರನ್ನು ಎಂದು ಸ್ವಲ್ಪ ಹತ್ತಿರದಿಂದ ನೋಡಿದರೆ ಇನ್ನರ್ಧ ತಿಳಿಯುತ್ತದೆ. ಪರಿಸರದ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ. ಒಂದು ಕಸುಬನ್ನು ಚೆನ್ನಾಗಿ ಬಲ್ಲ, ಅದರ ಜೊತೆಗೆ ತಾನು ಮಾಡಿದ್ದನ್ನು ಅಳೆದು, ಬರೆದು, ತೋರಿಸಬಲ್ಲ ಮನುಷ್ಯ ಸಿಗುತ್ತಿಲ್ಲ. ಕಸುಬು ಬಲ್ಲವರು ನಮ್ಮ ಎರಡು ತಾಲ್ಲೂಕುಗಳಲ್ಲಿ ಧಾರಾಳವಾಗಿದ್ದಾರೆ. ಅಳೆಯುವ, ದಾಖಲಿಸುವ ವಿದ್ಯೆಯಷ್ಟೇ ಅವರಿಗೆ ಸೇರಬೇಕು. ಅದನ್ನು ಕಲಿಸಲು ವರ್ಷಗಳು ಬೇಡ, ತಿಂಗಳುಗಳು ಸಾಕು.

ಬೇಡಿಕೆ ಹುಟ್ಟಿದ್ದು ಎಲ್ಲಿ?

ಹಸಿರು ಕೌಶಲ ಎಂದರೆ ಗಿಡ ನೆಡುವುದು ಎಂಬ ತಿಳಿವಳಿಕೆ ಹಳೆಯದಾಯಿತು. ಒಂದು ಕೆಲಸದಿಂದ ಹೊಗೆ, ಕಸ, ನೀರಿನ ಪೋಲು ಕಡಿಮೆಯಾಗುವಂತೆ ಅಥವಾ ಕೆಟ್ಟ ನೆಲ, ಜಲ ಸುಧಾರಿಸುವಂತೆ ಮಾಡುವ ಯಾವ ವಿದ್ಯೆಯೂ ಇದರೊಳಗೆ ಬರುತ್ತದೆ. ಕೇಂದ್ರ ಸರ್ಕಾರದ ಆಶ್ರಯದಲ್ಲಿ 2015ರಲ್ಲೇ ಹಸಿರು ಉದ್ಯೋಗಗಳ ಕೌಶಲ ಮಂಡಳಿ ಸ್ಥಾಪನೆಯಾಗಿದೆ. ಸೌರ ಫಲಕ ಜೋಡಿಸುವವರಿಂದ ಹಿಡಿದು ಕೊಳಚೆ ನೀರು ಶುದ್ಧೀಕರಣ ಘಟಕ ನಡೆಸುವವರವರೆಗೆ ಅದು ಪಠ್ಯ, ಪರೀಕ್ಷೆಗಳನ್ನು ರೂಪಿಸಿದೆ.

ಬೇಡಿಕೆಯ ಹೆಚ್ಚಿನ ಪಾಲು ಬಂದಿರುವುದು ಕಾನೂನಿನಿಂದ. ಷೇರುಪೇಟೆಯಲ್ಲಿರುವ ಅಗ್ರ 1,000 ಕಂಪನಿಗಳು ತಮ್ಮ ವಿದ್ಯುತ್, ನೀರು, ತ್ಯಾಜ್ಯ, ಹೊಗೆಯ ಲೆಕ್ಕವನ್ನು ಪ್ರತಿವರ್ಷ ಕೊಡಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದಂಥ ಸರಕು ಯುರೋಪಿಗೆ ಹೋಗಬೇಕಾದರೆ ಅದರ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿತ್ತು ಎಂದು ಹೇಳಬೇಕು. ಈ ಗಡಿ ಸುಂಕದ ನಿಯಮ 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಭಾರತದ ಸ್ವಂತ ಇಂಗಾಲ ಮಾರುಕಟ್ಟೆಯ ಯೋಜನೆ 2023ರಲ್ಲಿ ಪ್ರಕಟವಾಯಿತು. 2025ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕಾಗದ ಮತ್ತು ಕ್ಲೋರಿನ್–ಕಾಸ್ಟಿಕ್ ಸೋಡಾ ಎಂಬ ನಾಲ್ಕು ವಲಯಗಳ ಕಾರ್ಖಾನೆಗಳಿಗೆ ಹೊಗೆಯ ಮಿತಿ ಗೊತ್ತುಮಾಡಲಾಯಿತು.

ಈ ನಾಲ್ಕರಲ್ಲಿ ಎರಡು ಉತ್ತರ ಕನ್ನಡಕ್ಕೆ ಪರಿಚಿತ ಹೆಸರುಗಳು. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ, ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಇದೆ. ದೆಹಲಿಯಲ್ಲಿ ಪ್ರಕಟವಾದ ನಿಯಮ ನಮ್ಮ ಊರಿನ ಗೇಟಿನವರೆಗೆ ಬಂದು ನಿಂತಿದೆ ಎಂಬುದನ್ನು ಕಾಲೇಜುಗಳು ಇನ್ನೂ ಗಮನಿಸಬೇಕಾಗಿದೆ.

ಇಂಥ ಲೆಕ್ಕದ ಕೆಲಸವನ್ನು ಹಲವು ದೊಡ್ಡ ಕಂಪನಿಗಳು ಸಣ್ಣ ನವೋದ್ಯಮಗಳಿಗೆ ವಹಿಸುತ್ತವೆ. ಹದಿನೈದು ಇಪ್ಪತ್ತು ಜನರ ನವೋದ್ಯಮಕ್ಕೆ ಸ್ವಂತ ತರಬೇತಿ ಕೇಂದ್ರ ನಡೆಸುವ ಶಕ್ತಿ ಇರುವುದಿಲ್ಲ. ಮೊದಲ ದಿನದಿಂದಲೇ ಕೆಲಸಕ್ಕೆ ಇಳಿಯುವವರು ಅದಕ್ಕೆ ಬೇಕು. ಅಲ್ಲಿ ಒಬ್ಬನೇ ಮನುಷ್ಯ ಚಾವಣಿ ಹತ್ತಬೇಕು, ಫೋಟೊ ತೆಗೆದು ಮೊಬೈಲ್ ಆ್ಯಪಿಗೆ ಏರಿಸಬೇಕು, ಮನೆಯೊಡತಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ವಿವರಿಸಬೇಕು, ಸಂಜೆ ಲೆಕ್ಕ ಒಪ್ಪಿಸಬೇಕು. ಪದವಿಗಿಂತ ಈ ಕಲಸುಮೇಲೋಗರದ ಜಾಣ್ಮೆಗೆ ಅಲ್ಲಿ ಬೆಲೆ.

ಉಪ್ಪುಗಾಳಿಯ ಕೆಳಗಿನ ಸೌರ ಫಲಕ

ಎಲ್ಲಕ್ಕಿಂತ ಹತ್ತಿರದಲ್ಲಿರುವ ಕೆಲಸ ಸೌರ ಚಾವಣಿಯದು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆ, ವೆಚ್ಚ 75,021 ಕೋಟಿ ರೂಪಾಯಿ. 3 ಕಿಲೋವಾಟ್ ಸಾಮರ್ಥ್ಯದ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಹಣ ಇದೆ, ಫಲಕ ಇದೆ, ಅರ್ಜಿಯೂ ಮೊಬೈಲಿನಲ್ಲೇ ಮುಗಿಯುತ್ತದೆ. ಅದನ್ನು ಸರಿಯಾಗಿ ಕೂರಿಸುವವರು ಯಾರು ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ.

ಮನೆಯ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಸೌರ ಫಲಕವನ್ನೂ ಕೂರಿಸಬಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಒಂದು ಅಪಾಯ ಅಡಗಿದೆ. ಫಲಕದಿಂದ ಬರುವುದು ನೇರ ವಿದ್ಯುತ್, ಅಂದರೆ ಡಿ.ಸಿ. ಸುಮಾರು 40 ವೋಲ್ಟಿನ ಹತ್ತು ಫಲಕಗಳನ್ನು ಸಾಲಾಗಿ ಜೋಡಿಸಿದರೆ 400 ವೋಲ್ಟ್ ಆಗುತ್ತದೆ. ಮನೆಯ ಎ.ಸಿ. ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಹುಟ್ಟಿದ ಕಿಡಿ ತಾನೇ ನಂದಲು ಅವಕಾಶವಿದೆ. ಡಿ.ಸಿ. ಹಾಗೆ ಸೊನ್ನೆಗೆ ಇಳಿಯುವುದಿಲ್ಲ. ಸಡಿಲವಾದ ಒಂದೇ ಒಂದು ಕನೆಕ್ಟರ್‌ನಲ್ಲಿ ಹೊತ್ತಿದ ಕಿಡಿ ಉರಿಯುತ್ತಲೇ ಇರಬಹುದು. ಬಿಸಿಲು ಇರುವವರೆಗೆ ಫಲಕವನ್ನು ಆಫ್ ಮಾಡುವ ಸ್ವಿಚ್ಚೂ ಇಲ್ಲ. ಕನೆಕ್ಟರನ್ನು ತಕ್ಕ ಉಪಕರಣದಿಂದಲೇ ಒತ್ತಿ ಕೂರಿಸುವುದು, ಅರ್ಥಿಂಗ್‌ನ ರೋಧವನ್ನು ಅಳೆದು ಬರೆದಿಡುವುದು, ಪ್ರತಿ ಸಾಲಿನ ವೋಲ್ಟೇಜ್ ಪರೀಕ್ಷಿಸಿ ನಂತರವೇ ಇನ್ವರ್ಟರ್‌ಗೆ ಸೇರಿಸುವುದು, ಇಷ್ಟನ್ನು ಕಲಿತವನಿಗೂ ಕಲಿಯದವನಿಗೂ ಇರುವ ವ್ಯತ್ಯಾಸ ಒಂದು ಮನೆ ಸುಡುವಷ್ಟು ದೊಡ್ಡದು.

ಕರಾವಳಿಯಲ್ಲಿ ಇದಕ್ಕೆ ಇನ್ನಷ್ಟು ಸೇರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಗಾಳಿಯಲ್ಲಿ ಉಪ್ಪು. ಬಯಲುಸೀಮೆಯಲ್ಲಿ ನಡೆಯುವ ಸಾದಾ ಕಬ್ಬಿಣದ ಚೌಕಟ್ಟು, ಅಗ್ಗದ ನಟ್ಟು ಬೋಲ್ಟು ಇಲ್ಲಿ ಕೆಲವೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಸತು ಲೇಪಿಸಿದ ಚೌಕಟ್ಟು, ಉತ್ತಮ ದರ್ಜೆಯ ಸ್ಟೇನ್‌ಲೆಸ್ ಬೋಲ್ಟು, ಉಪ್ಪಿನ ಮಂಜಿನ ಪರೀಕ್ಷೆ ದಾಟಿದ ಫಲಕ ಬೇಕಾಗುತ್ತವೆ. ಹಂಚಿನ ಮಾಡಿನ ಮೇಲೆ ಹಂಚು ಒಡೆಯದಂತೆ, ಸೋರದಂತೆ ಚೌಕಟ್ಟನ್ನು ಪಕಾಸಿಗೇ ಬಿಗಿಯುವುದು ಬೇರೆಯೇ ಕೆಲಸ. ಅದನ್ನು ಬೆಂಗಳೂರಿನ ಆರ್‌ಸಿಸಿ ಚಾವಣಿಯ ಮೇಲೆ ಕಲಿಯಲಾಗದು. ಮೇ ತಿಂಗಳ ಚಂಡಮಾರುತದ ಗಾಳಿ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂದು ಮಾಜಾಳಿಯ, ಬೇಲೇಕೇರಿಯ ಬಡಗಿಗೆ ಗೊತ್ತು. ಆ ಬಡಗಿ ಮತ್ತು ಐಟಿಐ ಮುಗಿಸಿದ ಹುಡುಗ ಒಂದು ತಂಡವಾದರೆ ಕರಾವಳಿಯ ಸೌರ ಚಾವಣಿಗೆ ಅದಕ್ಕಿಂತ ಒಳ್ಳೆಯ ತಂಡ ಸಿಗದು.

ಇದಕ್ಕೆ ನಮ್ಮಲ್ಲೇ ಮಾದರಿ ಇದೆ. 1995ರಲ್ಲಿ ಹರೀಶ ಹಂದೆ ಅವರು ಕಟ್ಟಿದ ಸೆಲ್ಕೋ ಸಂಸ್ಥೆ ಸೌರದೀಪವನ್ನು ಮಾರಿ ಕೈತೊಳೆದುಕೊಳ್ಳದೆ, ಮನೆ ಬಾಗಿಲಿಗೆ ದುರಸ್ತಿ ಸೇವೆ ಮತ್ತು ಬ್ಯಾಂಕ್ ಸಾಲದ ವ್ಯವಸ್ಥೆ ಎರಡನ್ನೂ ಜೊತೆಗೆ ಕೊಟ್ಟಿತು. ಹಳ್ಳಿಯಲ್ಲಿ ಸೌರಶಕ್ತಿ ನಿಲ್ಲುವುದು ಆ ಊರಿನ ಹತ್ತಿರ ದುರಸ್ತಿ ಮಾಡುವವರಿದ್ದರೆ ಮಾತ್ರ ಎಂಬುದು ಅದರ ಅನುಭವದ ಸಾರ. ಹಂದೆ ಅವರಿಗೆ 2011ರ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಾಂಡ್ಲಾ ಕಾಡಿನ ಲೆಕ್ಕ

ಕಾಳಿ ನದಿ ಕಡಲು ಸೇರುವಲ್ಲಿ, ಗಂಗಾವಳಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. ದಂಡೆ ಕೊರೆತ ತಡೆಯುವುದಕ್ಕೆ, ಮೀನುಮರಿಗಳ ಆಸರೆಗೆ ಅವು ಬೇಕೆಂಬುದು ಮೀನುಗಾರರಿಗೆ ಹಿಂದಿನಿಂದಲೂ ಗೊತ್ತು. ಈಗ ಅವುಗಳಿಗೆ ಮತ್ತೊಂದು ಬೆಲೆ ಬಂದಿದೆ. ಕಾಂಡ್ಲಾ ಕಾಡು ಗಾಳಿಯಿಂದ ಎಳೆದುಕೊಂಡ ಇಂಗಾಲದ ಬಹುಪಾಲನ್ನು ಕೆಸರಿನೊಳಗೆ ಹೂತಿಡುತ್ತದೆ. ಉಪ್ಪುನೀರಿನ, ಆಮ್ಲಜನಕ ವಿರಳವಾದ ಆ ಕೆಸರಿನಲ್ಲಿ ಅದು ಬೇಗ ಕೊಳೆಯದೆ ಉಳಿಯುತ್ತದೆ. ಹೀಗೆ ಕಡಲಂಚಿನಲ್ಲಿ ಉಳಿಯುವ ಇಂಗಾಲವನ್ನು ಅಳೆದು ಮಾರುಕಟ್ಟೆಗೆ ತರಬೇಕೆಂದು ಹೊರಟಿರುವ ನವೋದ್ಯಮಗಳಿವೆ. ಕೇಂದ್ರ ಸರ್ಕಾರವೂ 2023–24ರ ಬಜೆಟ್ಟಿನಲ್ಲಿ ಕಾಂಡ್ಲಾ ಬೆಳೆಸುವ ಮಿಷ್ಟಿ ಯೋಜನೆಯನ್ನು ಘೋಷಿಸಿತು.

ಅಳೆಯುವುದು ಹೇಗೆ? ಕಾಡಿನಲ್ಲಿ ಅಲ್ಲಲ್ಲಿ ನಿಗದಿತ ಅಳತೆಯ ಚೌಕಗಳನ್ನು ಗುರುತಿಸುತ್ತಾರೆ. ಪ್ರತಿ ಗಿಡದ ಜಾತಿ, ಎತ್ತರ, ಸುತ್ತಳತೆ ಬರೆದುಕೊಳ್ಳುತ್ತಾರೆ. ಸಾಮಾನ್ಯ ಮರಕ್ಕೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತುವುದು ರೂಢಿ. ಊರುಗೋಲಿನಂಥ ಬೇರು ಬಿಡುವ ಕಾಂಡ್ಲಾ ಜಾತಿಗೆ ಎಲ್ಲಕ್ಕಿಂತ ಮೇಲಿನ ಬೇರಿಗಿಂತ ಇನ್ನೂ 30 ಸೆಂಟಿಮೀಟರ್ ಮೇಲೆ ಸುತ್ತಬೇಕು. ಕೆಸರಿಗೆ ಕೊಳವೆ ಇಳಿಸಿ ಒಂದು ಮೀಟರ್ ಆಳದ ಮಣ್ಣನ್ನು ಪದರ ಪದರವಾಗಿ ತೆಗೆಯುತ್ತಾರೆ, ಒಣಗಿಸಿ ಪ್ರಯೋಗಾಲಯದಲ್ಲಿ ಇಂಗಾಲದ ಪ್ರಮಾಣ ನೋಡುತ್ತಾರೆ. ಬಂದ ಇಂಗಾಲದ ತೂಕವನ್ನು 3.67ರಿಂದ ಗುಣಿಸಿದರೆ ಅದು ಎಷ್ಟು ಇಂಗಾಲದ ಡೈಆಕ್ಸೈಡಿಗೆ ಸಮ ಎಂಬುದು ಸಿಗುತ್ತದೆ. ಎಲ್ಲವೂ ಜಿಪಿಎಸ್ ಗುರುತಿನೊಂದಿಗೆ ದಾಖಲಾಗಬೇಕು. ಒಂದು ತಪ್ಪು ಅಳತೆ ಇಡೀ ಲೆಕ್ಕವನ್ನು ಸುಳ್ಳಾಗಿಸುತ್ತದೆ.

ಇದರಲ್ಲಿ ಪ್ರಯೋಗಾಲಯದ ಭಾಗವನ್ನು ಬಿಟ್ಟರೆ ಉಳಿದದ್ದೆಲ್ಲ ಕೆಸರಿನಲ್ಲಿ ನಿಂತು ಮಾಡುವ ಕೆಲಸ. ಇಳಿತ ಎಷ್ಟು ಹೊತ್ತಿಗೆ, ದೋಣಿ ಎಲ್ಲಿಯವರೆಗೆ ಹೋಗುತ್ತದೆ, ಯಾವ ಗಿಡ ಯಾವುದು ಎಂದು ಬಲ್ಲವರು ಬೇಕು. ನೆಡುವಾಗಲಂತೂ ಈ ತಿಳಿವಳಿಕೆ ಇಲ್ಲದೆ ಮುಂದೆ ಹೋಗುವಂತೆಯೇ ಇಲ್ಲ. ಯಾವ ಜಾತಿಗೆ ದಿನಕ್ಕೆ ಎಷ್ಟು ಹೊತ್ತು ನೀರು ನಿಲ್ಲಬೇಕು ಎಂದು ತಿಳಿಯದೆ ನೆಟ್ಟ ಸಸಿ ಮೊದಲ ಮಳೆಗಾಲದಲ್ಲೇ ತೇಲಿಹೋಗುತ್ತದೆ. ಬಳಚು ಹೆಕ್ಕುವ ಬಯಲನ್ನೇ ನೆಡುತೋಪು ಮಾಡಿದರೆ ಮೀನುಗಾರ ಹೆಂಗಸರ ಅನ್ನ ಹೋಗುತ್ತದೆ. ಎಲ್ಲಿ ನೆಡಬೇಕು ಎಂಬಷ್ಟೇ ಮುಖ್ಯ, ಎಲ್ಲಿ ನೆಡಬಾರದು ಎಂಬುದು. ಉಪಗ್ರಹದ ಚಿತ್ರದಲ್ಲಿ ಇದು ಕಾಣುವುದಿಲ್ಲ.

ಅಂಕೋಲೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು ಆಮೇಲೆ ಕಾಯಂ ಆದವರು. ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಗೆ ಅರಣ್ಯಾಧಿಕಾರಿಗಳೇ ತಲೆದೂಗಿದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಹೋದ ಅವರ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು.

ಅವರನ್ನು ನೆನೆಯುವಾಗ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ. ಅವರಿಗಿದ್ದಂಥ ತಿಳಿವಳಿಕೆಯ ಒಂದಿಷ್ಟು ಪಾಲು ಇರುವ ಹೆಂಗಸರು ಇಂದಿಗೂ ನರ್ಸರಿಗಳಲ್ಲಿ ಚೀಲಕ್ಕೆ ಮಣ್ಣು ತುಂಬುತ್ತ ದಿನಗೂಲಿಯಲ್ಲೇ ಇದ್ದಾರೆ. ಅವರ ಜ್ಞಾನಕ್ಕೆ ಯಾವ ಕಾಗದದಲ್ಲೂ ಹೆಸರಿಲ್ಲ. ಶಾಲೆಯ ಹೊರಗೆ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನು ಅಂಕೋಲೆಯ ನರ್ಸರಿಗೆ ತಂದು, ಪರೀಕ್ಷೆಯನ್ನು ಬಾಯಿಮಾತಿನಲ್ಲಿ, ಗಿಡದ ಮುಂದೆ ನಿಂತು, ಕನ್ನಡದಲ್ಲಿ ನಡೆಸಿದರೆ ಸಾಕು. ಬೆಂಗಳೂರಿನ ಕಂಪನಿ ಹುಡುಕುತ್ತಿರುವ ಸ್ಥಳೀಯ ಸಸ್ಯ ತಜ್ಞೆ ಆ ಸಾಲಿನಲ್ಲೇ ಸಿಗುತ್ತಾಳೆ.

ಕಡಲಿಗಿಳಿಯುವ ವಿದ್ಯೆ

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೇ ಊರಿನಲ್ಲಿದ್ದು, ಪಂಜರದಲ್ಲಿ ಸೀಬಾಸ್, ಕೋಬಿಯಾ ಮೀನು ಸಾಕುವ ಪ್ರಯೋಗಗಳನ್ನು ಇಲ್ಲಿನ ಕಡಲಲ್ಲಿ ನಡೆಸಿದೆ. ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಘಟ್ಟ ಹತ್ತಿದರೆ ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ವಿದ್ಯೆ ಒಟ್ಟಿಗೆ ಇರುವ ಜಿಲ್ಲೆ ರಾಜ್ಯದಲ್ಲಿ ಹೆಚ್ಚಿಲ್ಲ. ಇವುಗಳ ನಡುವೆ ಓಡಾಟ ಹೆಚ್ಚಬೇಕು. ಪಂಜರದ ಮೀನು ಸಾಯುವುದಕ್ಕೆ ಮುಂಚೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಅದನ್ನು ಅಳೆಯುವ ಸಂವೇದಕ ಮಾಡುವವರು ಎಂಜಿನಿಯರ್‌ಗಳು, ಅಂಕಿಯ ಅರ್ಥ ಹೇಳುವವರು ಜೀವಶಾಸ್ತ್ರದವರು, ರಾತ್ರಿ ಎರಡು ಗಂಟೆಗೆ ದೋಣಿ ತೆಗೆದು ಹೋಗಿ ನೋಡುವವರು ಮೀನುಗಾರರು. ಮೂವರೂ ಸೇರಿದರೆ ಅದೇ ಒಂದು ನವೋದ್ಯಮ.

ಇದು ಆಗದ ಮಾತೇನೂ ಅಲ್ಲ. ಇದೇ ಪಶ್ಚಿಮ ಕರಾವಳಿಯ ಕೊಚ್ಚಿಯಲ್ಲಿ ನವಾಲ್ಟ್ ಎಂಬ ಕಂಪನಿ ಸೌರಶಕ್ತಿಯ ದೋಣಿ ಕಟ್ಟಿತು. ‘ಆದಿತ್ಯ’ ಎಂಬ 75 ಪ್ರಯಾಣಿಕರ ಆ ದೋಣಿ 2017ರ ಜನವರಿಯಿಂದ ಕೇರಳದ ವೈಕಂ–ತವಣಕ್ಕಡವು ನಡುವೆ ಓಡುತ್ತಿದೆ. ಅದು ಸೌರ ಫಲಕದ ಲೆಕ್ಕ ಬಲ್ಲ ಎಂಜಿನಿಯರುಗಳಷ್ಟೇ ಕಟ್ಟಿದ ದೋಣಿಯಲ್ಲ. ಒಡಲಿನ ಆಕಾರ, ತೂಕ, ನೀರಿನ ಎಳೆತ ಬಲ್ಲ ದೋಣಿ ಕಟ್ಟುವವರ ವಿದ್ಯೆಯೂ ಅದರಲ್ಲಿದೆ. ಕಾಳಿ, ಗಂಗಾವಳಿ ನದಿಗಳ ದೋಣಿ ಕಟ್ಟುವವರಿಗೆ ಇಂಥ ಕೆಲಸ ಪರಕೀಯವಾಗಬೇಕಿಲ್ಲ.

ವಾಣಿಜ್ಯ ಓದಿದವರಿಗೂ ಪಾಲಿದೆ

ಹಸಿರು ಕೆಲಸವೆಂದರೆ ವಿಜ್ಞಾನ ಓದಿದವರದ್ದು ಎಂದು ಬಿ.ಕಾಂ. ಓದಿದವರು ದೂರ ನಿಲ್ಲಬೇಕಾಗಿಲ್ಲ. ಇಂಗಾಲದ ಲೆಕ್ಕ ಬಹುಮಟ್ಟಿಗೆ ಜಮಾ–ಖರ್ಚಿನ ಲೆಕ್ಕವೇ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದೇಶದ ವಿದ್ಯುತ್ ಜಾಲದಿಂದ ಒಂದು ಯೂನಿಟ್ ಬಳಸಿದರೆ ಸುಮಾರು 0.7 ಕಿಲೋ. ಈ ಗುಣಕಗಳನ್ನು ಅಧಿಕೃತ ಸಂಸ್ಥೆಗಳು ಪ್ರಕಟಿಸುತ್ತವೆ. ಒಂದು ಮಂಜುಗಡ್ಡೆ ಕಾರ್ಖಾನೆ ತಿಂಗಳಿಗೆ 20,000 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ, ಅದರ ಹೊಗೆ ಸುಮಾರು 14 ಟನ್. ಗುಣಾಕಾರ ಇಷ್ಟೇ ಸರಳ. ಬಿಲ್ಲುಗಳನ್ನು ಸಂಗ್ರಹಿಸುವುದು, ಬಿಟ್ಟುಹೋದದ್ದನ್ನು ಪತ್ತೆ ಮಾಡುವುದು, ಒಂದನ್ನೇ ಎರಡು ಸಲ ಬರೆಯದಂತೆ ನೋಡಿಕೊಳ್ಳುವುದು ಕಷ್ಟದ ಭಾಗ. ಒಳ್ಳೆಯ ಲೆಕ್ಕಿಗನಿಗೆ ಇದೇ ದಿನದ ಕೆಲಸ. ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜಿನಂಥ ಕಡೆ ಕೊನೆಯ ವರ್ಷದವರಿಗೆ ಆರು ವಾರದ ಇಂಥ ಪಾಠ ಇಟ್ಟರೆ, ಮನೆಯಲ್ಲಿ ಕುಳಿತೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ದಾರಿ ತೆರೆಯುತ್ತದೆ.

ಹಣ್ಣಿನ ವ್ಯಾಪಾರದಲ್ಲೂ ಇದೇ ಮಾತು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೆಳು ಸಿಪ್ಪೆ, ಮೆದು ತಿರುಳು, ರುಚಿ ಅಪಾರ, ಬಾಳಿಕೆ ಕಡಿಮೆ. ಸೌರಶಕ್ತಿಯ ಸಣ್ಣ ಶೀತಲ ಕೋಣೆಯನ್ನು ನಡೆಸಿ, ಎಷ್ಟು ಉಷ್ಣಾಂಶದಲ್ಲಿ ಎಷ್ಟು ದಿನ ಉಳಿಯಿತು ಎಂದು ಬರೆದಿಡುವವರು ಸಿಕ್ಕರೆ ಕೊಳೆತು ಹೋಗುವ ಪಾಲು ರೈತನ ಕೈಗೆ ಹಣವಾಗಿ ಬರುತ್ತದೆ.

ಲೆಕ್ಕ, ವ್ಯಾಪಾರಗಳ ಆಚೆಗೆ, ಕುಸಿಯುವ ಗುಡ್ಡಗಳನ್ನು ಕಾಯುವ ಕೆಲಸವಂತೂ ತುರ್ತಿನದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜನ, ಮನೆ, ಲಾರಿಗಳನ್ನು ಗಂಗಾವಳಿಗೆ ತಳ್ಳಿತು. 2009ರಲ್ಲಿ ಕಾರವಾರದ ಕಡವಾಡದ ಬಳಿಯೂ ಗುಡ್ಡ ಕುಸಿದು ಜೀವಗಳು ಹೋಗಿದ್ದವು. ಮಳೆಮಾಪಕ ಇಟ್ಟು ಗಂಟೆಗಂಟೆಗೆ ಓದುವುದು, ಗುಡ್ಡದ ಬಿರುಕನ್ನು ಗುರುತು ಹಾಕಿ ವಾರವಾರ ಅಳೆಯುವುದು, ಕೊರೆದ ಇಳಿಜಾರಿನ ಚರಂಡಿ ಕಟ್ಟದಂತೆ ನೋಡುವುದು, ಬೇರು ಆಳಕ್ಕಿಳಿಯುವ ಗಿಡ ಹಚ್ಚುವುದು ಕೂಡ ಹಸಿರು ಕೌಶಲಗಳೇ. ಭೂಕುಸಿತದ ಮುನ್ನೆಚ್ಚರಿಕೆಯ ಉಪಕರಣವನ್ನು ಹೊರಗಿನ ಕಂಪನಿ ಮಾಡಬಹುದು. ಮಳೆ ಸುರಿಯುವ ರಾತ್ರಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವವರು ಆ ಗುಡ್ಡದ ಕೆಳಗೇ ಇರಬೇಕು.

ಹಸಿರು ಎಂದಾಕ್ಷಣ ನಂಬಬೇಕೆ?

ಈ ಜಿಲ್ಲೆಗೆ ಉದ್ಯೋಗದ ಭರವಸೆ ಹೊಸದಲ್ಲ. ಕದ್ರಾ, ಕೊಡಸಳ್ಳಿ ಅಣೆಕಟ್ಟೆ, ಕೈಗಾ ಅಣು ವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ ಹೀಗೆ ಒಂದೊಂದು ಯೋಜನೆ ಬಂದಾಗಲೂ ಸ್ಥಳೀಯರಿಗೆ ಕೆಲಸ ಎಂಬ ಬೇಡಿಕೆ ಎದ್ದಿದೆ. ನೆಲ ಕೊಟ್ಟವರ ಮಕ್ಕಳು ಕೌಶಲವಿಲ್ಲ ಎಂಬ ಕಾರಣಕ್ಕೆ ಗುತ್ತಿಗೆ ಕೆಲಸಕ್ಕೆ ಸೀಮಿತರಾದರು ಎಂಬ ನೋವೂ ಕೇಳಿಬಂದಿದೆ. ಈಗ ಅಂಕೋಲೆಯ ಕೇಣಿಯಲ್ಲಿ ಬಂದರಿನ ಪ್ರಸ್ತಾಪ ಎದುರಿದ್ದು, ಮೀನುಗಾರರು ಬೀದಿಗಿಳಿದಿದ್ದಾರೆ. ಇಂಥ ಅನುಭವದ ಜನ ‘ಹಸಿರು ಉದ್ಯೋಗ’ ಎಂಬ ಹೊಸ ಫಲಕವನ್ನು ಅನುಮಾನದಿಂದ ನೋಡಿದರೆ ತಪ್ಪಿಲ್ಲ.

ಅನುಮಾನಕ್ಕೆ ಕಾರಣಗಳು ನವೋದ್ಯಮ ಲೋಕದಲ್ಲೂ ಇವೆ. ವಿದ್ಯುತ್ ಕಾರುಗಳ ಟ್ಯಾಕ್ಸಿ ಸೇವೆ ಬ್ಲೂಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಮ್ಮೆಲೇ ನಿಂತಿತು. ಕಾರಣ ತಂತ್ರಜ್ಞಾನವಲ್ಲ, ಅದರ ಸಂಸ್ಥಾಪಕರ ಇನ್ನೊಂದು ಕಂಪನಿಯ ಹಣಕಾಸಿನ ಮೇಲೆ ಸೆಬಿ ಎತ್ತಿದ ಆಕ್ಷೇಪ. ಸಾವಿರಾರು ಚಾಲಕರ ದುಡಿಮೆ ರಾತ್ರೋರಾತ್ರಿ ಹೋಯಿತು. ಆದ್ದರಿಂದ ಒಂದು ಕಂಪನಿಯ ಆ್ಯಪಿಗೆ ಮಾತ್ರ ಒಗ್ಗುವ ಕಲಿಕೆಯನ್ನು ನೆಚ್ಚಿಕೊಳ್ಳಬಾರದು. ಬ್ಯಾಟರಿಯ ದೋಷ ಪತ್ತೆ, ಡಿ.ಸಿ. ವೈರಿಂಗ್, ನೀರಿನ ಪರೀಕ್ಷೆ, ಗಿಡದ ಗುರುತು ಎಲ್ಲಿ ಹೋದರೂ ಅನ್ನ ಕೊಡುವ ವಿದ್ಯೆಗಳು. ಕಲಿಯುವುದಾದರೆ ಇವನ್ನು ಕಲಿಯಬೇಕು.

ಹಸಿರು ಎಂಬ ಹೆಸರು ಇದ್ದ ಮಾತ್ರಕ್ಕೆ ಕೆಲಸ ಸುರಕ್ಷಿತವೂ ಆಗುವುದಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟದೆ ಒದ್ದೆ ಹಂಚಿನ ಮೇಲೆ ಹತ್ತಿಸುವ ಗುತ್ತಿಗೆದಾರ ಸೌರಶಕ್ತಿಯವನಾದರೂ ಗುತ್ತಿಗೆದಾರನೇ. ಕಸ ವಿಂಗಡಿಸುವವರ ದುಡಿಮೆಯನ್ನು ವೃತ್ತಿಯೆಂದು ಒಪ್ಪಿಸಲು ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಪಾಲಿಕೆಯ ಗುರುತಿನ ಚೀಟಿ, ಒಣಕಸ ಕೇಂದ್ರ ನಡೆಸುವ ಹೊಣೆ ಅವರಿಗೆ ಬಂದದ್ದು ಸಂಘಟನೆಯಿಂದ. ಕಾಂಡ್ಲಾ ಕಾಡಿನ ಇಂಗಾಲ ಮಾರಾಟವಾದರೆ ಅದರಲ್ಲಿ ಊರಿನ ಪಾಲೆಷ್ಟು ಎಂಬುದು ಮೊದಲೇ ಬರವಣಿಗೆಯಲ್ಲಿ ಇರಬೇಕು. ಸ್ಥಳೀಯ ಜ್ಞಾನ ಬಳಸಿ ಲಾಭ ಮಾಡಿದವರು ಅದನ್ನು ಹಂಚಿಕೊಳ್ಳಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಪಂಚಾಯಿತಿಗಳ ಜೀವವೈವಿಧ್ಯ ಸಮಿತಿಗಳು ಕಾಗದದಿಂದ ಹೊರಬರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಮಾಡಬೇಕಾದ್ದು ಏನು?

ರಾಜ್ಯ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ನವೋದ್ಯಮದ ಕೇಂದ್ರಗಳಾಗಿ ಬೆಳೆಸಲು ಹೊರಟಿದೆ. ಕಾರವಾರ ಆ ಪಟ್ಟಿಯಲ್ಲಿಲ್ಲ. ಇರಲೇಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ಎತ್ತರದ ಗಾಜಿನ ಕಟ್ಟಡ ಇಲ್ಲಿಗೆ ಬೇಡ. ಹುಬ್ಬಳ್ಳಿಯ, ಮಂಗಳೂರಿನ ಕಂಪನಿಗಳು ತಮ್ಮ ಉಪಕರಣವನ್ನು ಉಪ್ಪುಗಾಳಿ, ಜಡಿಮಳೆ, ಉಬ್ಬರವಿಳಿತದಲ್ಲಿ ಪರೀಕ್ಷಿಸಲು ಬರುವ ಜಾಗವಾಗಿ, ಆ ಪರೀಕ್ಷೆ ನಡೆಸಿಕೊಡುವ ಕೈಗಳ ಊರಾಗಿ ಕಾರವಾರ–ಅಂಕೋಲಾ ಹೆಸರು ಗಳಿಸಿದರೆ ಸಾಕು. ಕೈಗಾದ ಮೊದಲ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅಳತೆ, ದಾಖಲೆ, ನಿರ್ವಹಣೆಯ ಶಿಸ್ತು ಎಂದರೇನೆಂದು ಕಲಿಸಬಲ್ಲ ನಿವೃತ್ತ ತಂತ್ರಜ್ಞರು ಕಾರವಾರ ತಾಲ್ಲೂಕಿನಲ್ಲೇ ಸಿಗುತ್ತಾರೆ.

ಜಿಲ್ಲಾಡಳಿತ ಒಂದು ಸಣ್ಣ ಹೆಜ್ಜೆ ಇಡಬೇಕು. ಐಟಿಐ, ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗ, ಶಿರಸಿಯ ಅರಣ್ಯ ಕಾಲೇಜು, ಹೆಸ್ಕಾಂ, ಅರಣ್ಯ ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕೂರಿಸಿ ಮೂರು ತಿಂಗಳ ಮೂರು ಪಾಠಗಳನ್ನು ಶುರುಮಾಡಲಿ: ಕರಾವಳಿ ಸೌರ ಚಾವಣಿ, ಕಾಂಡ್ಲಾ ಮತ್ತು ನೀರಿನ ಅಳತೆ, ಇಂಗಾಲದ ಲೆಕ್ಕ. ಪಾಠ, ಪರೀಕ್ಷೆ ಎರಡೂ ಕನ್ನಡದಲ್ಲಿರಲಿ. ಶಾಲೆ ಕಾಣದ ನರ್ಸರಿಯ ಹೆಂಗಸರಿಗೂ ಬಲೆ ಬಿಟ್ಟು ಬಂದ ಮೀನುಗಾರರಿಗೂ ಬಾಗಿಲು ತೆರೆದಿರಲಿ. ಕಲಿಕೆಯ ಕೊನೆಯ ತಿಂಗಳು ಯಾವುದಾದರೊಂದು ಕಂಪನಿಯಲ್ಲಿ ಸಂಬಳದ ಕೆಲಸವಾಗಿರಲಿ. ಬಿಟ್ಟಿ ದುಡಿಮೆಯನ್ನು ತರಬೇತಿ ಎಂದು ಕರೆಯುವ ಚಾಳಿ ಇಲ್ಲಿಗೆ ಬರುವುದು ಬೇಡ.

ಕೆಲಸ ಹುಡುಕುತ್ತಿರುವ ತರುಣ ತರುಣಿಯರಿಗೆ ಇಷ್ಟು ಮಾತು. ಕಂಪನಿಯ ಹೆಸರಿನಲ್ಲಿ ಹಸಿರು ಇದೆಯೇ ಎಂದು ನೋಡಬೇಡಿ. ಸಂಬಳ ಎಷ್ಟು, ವಿಮೆ ಇದೆಯೇ, ಇಲ್ಲಿ ಕಲಿತದ್ದು ಬೇರೆ ಕಡೆ ನಡೆಯುತ್ತದೆಯೇ ಎಂಬ ಮೂರನ್ನು ಕೇಳಿ. ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಸೇರಿಕೊಳ್ಳಿ. ಸಿಗದಿದ್ದರೆ ಅದು ಬಣ್ಣ ಬಳಿದ ಹಳೆಯ ಗುತ್ತಿಗೆ ಕೆಲಸವೇ ಎಂದು ತಿಳಿಯಿರಿ.